ತಾಯಿಯನ್ನೂ ಕಂಡರು, ಮಕ್ಕಳನ್ನೂ ಕಂಡರು: ಜೂಲಿಯೊ ಬಿಜ್ಜೊಜೆರೊ

ಪ್ರಥಮ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಪ್ಲೇಟ್‌ಲೆಟ್‌ಗೆ ಸಿಕ್ಕಿರುವುದು ನಾಲ್ಕೈದು ಸಾಲು. ಮೂಳೆಮಜ್ಜೆಯಲ್ಲಿರುವ ಮೆಗಾಕೇರಿಯೊಸೈಟ್ ಎಂಬ ಜೀವಕೋಶಗಳ ತುಂಡುಗಳೇ ಪ್ಲೇಟ್‌ಲೆಟ್‌ಗಳು, ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 1.5 ಲಕ್ಷದಿಂದ 3.5 ಲಕ್ಷ ಇರುತ್ತವೆ, ರಕ್ತ ಹೆಪ್ಪುಗಟ್ಟಲು ಬೇಕು. ಅಷ್ಟೇ. ಹೈಸ್ಕೂಲಿನಲ್ಲಿ ಇವನ್ನೇ ಕಿರುತಟ್ಟೆಗಳು ಎಂದು ಓದಿದ್ದೆವು. ಈ ಸಾಲುಗಳ ಹಿಂದೆ ಇರುವ ಮನುಷ್ಯನ ಹೆಸರು ಪುಸ್ತಕದಲ್ಲಿಲ್ಲ. ಆದರೆ ಅವರ ಕಥೆ ನಮ್ಮ ಕುಂಸಿ ಕಡೆಯವರಿಗೆ ಬೇರೆಯವರಿಗಿಂತ ಹೆಚ್ಚು ಬೇಕಾದದ್ದು ಎಂದು ನನಗನ್ನಿಸುತ್ತದೆ. ಏಕೆಂದು ಮುಂದೆ ಹೇಳುತ್ತೇನೆ.

ಜೂಲಿಯೊ ಬಿಜ್ಜೊಜೆರೊ ಹುಟ್ಟಿದ್ದು 1846ರ ಮಾರ್ಚ್ 20ರಂದು, ಉತ್ತರ ಇಟಲಿಯ ವರೇಸೆ ಎಂಬ ಊರಿನಲ್ಲಿ. ಪವಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1866ರಲ್ಲಿ ಪದವಿ ಪಡೆದಾಗ ಅವರಿಗೆ 20 ವರ್ಷ. ಬರ್ಲಿನ್‌ಗೆ ಹೋಗಿ ಆ ಕಾಲದ ದೊಡ್ಡ ಹೆಸರಾದ ರುಡೋಲ್ಫ್ ವಿರ್ಖೋ ಅವರ ಬಳಿಯೂ ಕಲಿತರು. ವಾಪಸು ಬಂದು ಪವಿಯಾದಲ್ಲಿ ರೋಗಶಾಸ್ತ್ರ ಪಾಠ ಹೇಳತೊಡಗಿದಾಗ ಅವರ ವಯಸ್ಸು ನಮ್ಮ ಕಾಲೇಜಿನ ಸೀನಿಯರ್‌ಗಳಿಗಿಂತ ಮೂರ್ನಾಲ್ಕು ವರ್ಷ ಹೆಚ್ಚು, ಅಷ್ಟೇ. ಅವರಿಂದ ಸೂಕ್ಷ್ಮದರ್ಶಕದ ಕೆಲಸ ಕಲಿತವರಲ್ಲಿ ಕಮಿಲ್ಲೊ ಗಾಲ್ಜಿಯೂ ಒಬ್ಬರು. ಪುಸ್ತಕದಲ್ಲಿ ಗಾಲ್ಜಿ ಕಾಯ ಎಂದು ಓದುತ್ತೇವಲ್ಲ, ಅವರೇ. ಶಿಷ್ಯ ಗುರುವಿಗಿಂತ ಮೂರು ವರ್ಷ ದೊಡ್ಡವರು!

ಮೂಳೆಯ ಒಳಗಿರುವ ಮಜ್ಜೆ ಏತಕ್ಕೆ ಎಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಮೂಳೆಗೆ ಪೋಷಣೆ ಕೊಡುವ ಕೊಬ್ಬು ಎಂಬ ನಂಬಿಕೆ ಇತ್ತು. ಬಕ್ರೀದ್ ದಿನ ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟಿ ಒಳಗಿನದನ್ನು ಬೀಳಿಸಿಕೊಂಡು ತಿನ್ನುವ ನಮಗೂ ಅದು ಕೊಬ್ಬಿನಂತೆಯೇ ಕಾಣುತ್ತದೆ. ಉದ್ದ ಮೂಳೆಯ ನಡುವಿನದು ಹೆಚ್ಚಾಗಿ ಕೊಬ್ಬೇ ಹೌದು. ಆದರೆ ಪಕ್ಕೆಲುಬು, ಬೆನ್ನುಮೂಳೆಗಳ ಒಳಗೆ ಕೆಂಪು ಮಜ್ಜೆ ಇರುತ್ತದೆ. 1868ರಲ್ಲಿ, 22ನೇ ವಯಸ್ಸಿನಲ್ಲಿ, ಬಿಜ್ಜೊಜೆರೊ ಈ ಮಜ್ಜೆಯಲ್ಲಿ ಇನ್ನೂ ಪಕ್ವವಾಗದ, ಕೋಶಕೇಂದ್ರವಿರುವ ಕೆಂಪು ರಕ್ತಕಣಗಳನ್ನು ಕಂಡು, ರಕ್ತ ಹುಟ್ಟುವುದು ಇಲ್ಲೇ ಎಂದು ತಿಳಿಸಿದರು. ಅದೇ ವರ್ಷ ಕೋನಿಗ್ಸ್‌ಬರ್ಗ್‌ನ ಎರ್ನ್‌ಸ್ಟ್ ನಾಯ್ಮನ್ ಕೂಡ ಬೇರೆಯಾಗಿಯೇ ಈ ತೀರ್ಮಾನಕ್ಕೆ ಬಂದಿದ್ದರು.

ಮರುವರ್ಷ, 1869ರಲ್ಲಿ, ಬಿಜ್ಜೊಜೆರೊ ಮಜ್ಜೆಯಲ್ಲಿದ್ದ ದೈತ್ಯ ಗಾತ್ರದ ಜೀವಕೋಶಗಳನ್ನು ವರ್ಣಿಸಿದರು. ಮೂಳೆಯನ್ನು ಕರಗಿಸುವ ಬೇರೆ ದೊಡ್ಡ ಕೋಶಗಳಿಗೂ ಇವಕ್ಕೂ ವ್ಯತ್ಯಾಸವಿದೆ ಎಂದು ಗುರುತಿಸಿದರು. ಇವುಗಳ ಕೋಶಕೇಂದ್ರ ಮೊಗ್ಗು ಮೊಗ್ಗಾಗಿ ಹರಡಿಕೊಂಡಿರುತ್ತದೆ. ಇವಕ್ಕೆ ಮೆಗಾಕೇರಿಯೊಸೈಟ್ ಎಂಬ ಹೆಸರು ಬಂದದ್ದು 1890ರಲ್ಲಿ. ಆದರೆ ಇವು ಅಲ್ಲಿ ಏನು ಮಾಡುತ್ತಿವೆ ಎಂಬುದು ಬಿಜ್ಜೊಜೆರೊಗೆ ತಿಳಿಯಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

1872ರಲ್ಲಿ ಅವರು ಟುರಿನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಪ್ಲೇಟ್‌ಲೆಟ್‌ಗಳ ಕೆಲಸ ನಡೆದದ್ದು ಅಲ್ಲಿ. ರಕ್ತದಲ್ಲಿ ಚಿಕ್ಕ ಚಿಕ್ಕ ಕಣಗಳಿರುವುದನ್ನು ಅವರಿಗಿಂತ ಮೊದಲೇ ಕೆಲವರು ಕಂಡಿದ್ದರು. ಒಬ್ಬರು ಅವನ್ನು ಒಡೆದ ಬಿಳಿ ರಕ್ತಕಣಗಳ ಚೂರು ಎಂದರೆ, ಇನ್ನೊಬ್ಬರು ಕೆಂಪು ಕಣಗಳ ಮೊಳಕೆ ಎಂದರು. ತೊಂದರೆ ಎಲ್ಲಿತ್ತೆಂದರೆ, ರಕ್ತವನ್ನು ಮೈಯಿಂದ ಹೊರತೆಗೆದ ಕೂಡಲೇ ಈ ಕಣಗಳು ಆಕಾರ ಕೆಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಜಿನ ಮೇಲೆ ಕಾಣುವುದು ಆ ಮುದ್ದೆ. ಬಿಜ್ಜೊಜೆರೊ ಗಾಜನ್ನು ಬಿಟ್ಟು ಹರಿಯುವ ರಕ್ತವನ್ನೇ ನೋಡಿದರು. ಅರಿವಳಿಕೆ ಕೊಟ್ಟ ಗಿನಿಯಿಲಿ ಮತ್ತು ಮೊಲದ ಕರುಳನ್ನು ಹಿಡಿದಿಡುವ ತೆಳು ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿದರು. ಅದು ಎಷ್ಟು ತೆಳುವೆಂದರೆ ಅದರ ರಕ್ತನಾಳಗಳಲ್ಲಿ ಓಡುವ ಕಣಗಳು ಒಂದೊಂದಾಗಿ ಕಾಣುತ್ತವೆ. ಕೆಂಪು ಮತ್ತು ಬಿಳಿ ಕಣಗಳ ನಡುವೆ ಬಣ್ಣವಿಲ್ಲದ ಪುಟ್ಟ ತಟ್ಟೆಗಳು ತೇಲುತ್ತಿದ್ದವು. ನಾಳಕ್ಕೆ ಗಾಯ ಮಾಡಿದಾಗ ಎಲ್ಲಕ್ಕಿಂತ ಮೊದಲು ಬಂದು ಗಾಯದ ಅಂಚಿಗೆ ಅಂಟಿಕೊಂಡು, ಒಂದರ ಮೇಲೊಂದು ಕೂತು ತೂತು ಮುಚ್ಚಿದ್ದು ಈ ತಟ್ಟೆಗಳೇ. 1882ರಲ್ಲಿ ಇದು ಪ್ರಕಟವಾಯಿತು. ಪುಟ್ಟ ತಟ್ಟೆ ಎಂಬ ಅರ್ಥದ ಇಟಾಲಿಯನ್ ಹೆಸರು ಕೊಟ್ಟವರೂ ಅವರೇ. ನಮ್ಮ ಕಿರುತಟ್ಟೆ ಎಂಬ ಮಾತಿನ ಅರ್ಥವೂ ಅದೇ ಅಲ್ಲವೇ.

ನಮ್ಮ ಕಡೆಯವರಿಗೆ ಈ ಕಥೆ ಏಕೆ ಬೇಕು ಎಂದರೆ, 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಗುರುತಿಗೆ ಬಂತು. ಉಣ್ಣೆಯಿಂದ ಹರಡುವ ಆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗಿಯಲ್ಲೂ ಹಾಗೆಯೇ. ಹೋದ ಮಳೆಗಾಲ ನಮ್ಮ ಚಾಚಾ ಅವರ ಮಗನಿಗೆ ಡೆಂಗಿ ಬಂದಾಗ ಮನೆಯಲ್ಲಿ ಯಾರೂ ಜ್ವರ ಎಷ್ಟಿದೆ ಎಂದು ಕೇಳುತ್ತಿರಲಿಲ್ಲ, ಕೌಂಟ್ ಎಷ್ಟಿದೆ ಎಂದೇ ಕೇಳುತ್ತಿದ್ದರು. ಅದು 38 ಸಾವಿರಕ್ಕೆ ಇಳಿದ ರಾತ್ರಿ ಯಾರೂ ಮಲಗಲಿಲ್ಲ. ದಾದಿ ಪಪ್ಪಾಯಿ ಎಲೆಯ ರಸ ಕುಡಿಸಲು ಹೊರಟರು, ಡಾಕ್ಟರ್ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳಿ, ರಕ್ತಸ್ರಾವ ಕಂಡರೆ ಕೂಡಲೇ ಹೇಳಿ ಎಂದರು. ನಾಲ್ಕು ದಿನದಲ್ಲಿ ಸಂಖ್ಯೆ ತಾನಾಗಿ ಏರಿತು. ಅದು ಎಲ್ಲಿಂದ ಏರಿತು, ಹೇಗೆ ಏರಿತು ಎಂದು ಹುಡುಕಲು ಹೋಗಿಯೇ ನನಗೆ ಬಿಜ್ಜೊಜೆರೊ ಸಿಕ್ಕಿದ್ದು.

ಪ್ಲೇಟ್‌ಲೆಟ್ ಬದುಕುವುದು 8ರಿಂದ 10 ದಿನ. ಆದ್ದರಿಂದ ದೇಹ ದಿನಕ್ಕೆ ಸುಮಾರು 10 ಸಾವಿರ ಕೋಟಿ ಹೊಸ ಪ್ಲೇಟ್‌ಲೆಟ್ ಮಾಡಲೇಬೇಕು. ಮಾಡುವವರು 1869ರ ಆ ದೈತ್ಯ ಕೋಶಗಳು. ಬಿಜ್ಜೊಜೆರೊ ತಾಯಿಯನ್ನೂ ನೋಡಿದ್ದರು, ಮಕ್ಕಳನ್ನೂ ನೋಡಿದ್ದರು, ಸಂಬಂಧ ಮಾತ್ರ ಹೊಳೆದಿರಲಿಲ್ಲ. 1906ರಲ್ಲಿ ಬಾಸ್ಟನ್‌ನ ಜೇಮ್ಸ್ ಹೋಮರ್ ರೈಟ್ ತಾವೇ ಕಂಡುಹಿಡಿದ ಬಣ್ಣ ಹಾಕಿ ನೋಡಿದಾಗ, ದೈತ್ಯ ಕೋಶದ ಒಳಗಿನ ಕಣಗಳೂ ಪ್ಲೇಟ್‌ಲೆಟ್‌ನ ಕಣಗಳೂ ಒಂದೇ ಬಣ್ಣ ಹಿಡಿದವು. ಆ ಕೋಶಗಳು ಮಜ್ಜೆಯ ರಕ್ತನಾಳದೊಳಕ್ಕೆ ಚಾಚು ಹಾಕಿದ್ದೂ ಕಂಡಿತು.

ಬಿಜ್ಜೊಜೆರೊ ಅವರಿಗೆ ಏಕೆ ಹೊಳೆಯಲಿಲ್ಲ? ಬುದ್ಧಿ ಸಾಲದೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಕರುಳ ಪೊರೆಯ ಮೂಲಕ ಜೀವಂತ ರಕ್ತವನ್ನು ನೋಡಬಹುದಿತ್ತು, ಮಜ್ಜೆ ಮಾತ್ರ ಮೂಳೆಯ ಗೋಡೆಯೊಳಗಿತ್ತು. ಅದನ್ನು ಹೊರತೆಗೆದರೆ ಅದು ಮಜ್ಜೆಯಾಗಿ ಉಳಿಯುವುದಿಲ್ಲ. ಪ್ಲೇಟ್‌ಲೆಟ್ ಹುಟ್ಟುವುದಕ್ಕೆ ಕೋಶ ಒಂದಿದ್ದರೆ ಸಾಲದು, ಆ ಜಾಗವೇ ಬೇಕು. ಶಾವಿಗೆ ಒತ್ತುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಮೆಗಾಕೇರಿಯೊಸೈಟ್ ಮಜ್ಜೆಯ ರಕ್ತನಾಳಕ್ಕೆ ಒರಗಿ ಕೂತು, ನಾಳದ ಗೋಡೆಯ ಸಂದಿಯಿಂದ ಶಾವಿಗೆಯಂತಹ ಎಳೆಗಳನ್ನು ಒಳಕ್ಕೆ ತೂರಿಸುತ್ತದೆ. ಹರಿಯುವ ರಕ್ತ ಆ ಎಳೆಗಳನ್ನು ಜಗ್ಗಿ ತುಂಡರಿಸುತ್ತದೆ. ಒಂದು ಕೋಶದಿಂದ ಸಾವಿರಕ್ಕೂ ಹೆಚ್ಚು ಪ್ಲೇಟ್‌ಲೆಟ್ ಆಗಬಲ್ಲವು. ಹಿಟ್ಟಿನ ಹದ ಕೆಟ್ಟರೆ ಶಾವಿಗೆ ಬರುವುದಿಲ್ಲ. ಇಲ್ಲಿ ಹದ ಕೆಡುವುದು ಸುತ್ತಲಿನ ಮಜ್ಜೆಯದು. ಮಜ್ಜೆ ಮೆತ್ತಗಿದ್ದರೆ ಎಳೆಗಳು ಸಲೀಸಾಗಿ ಹೊರಡುತ್ತವೆ, ಬಿಗಿಯಾದರೆ ತಡೆಯುತ್ತವೆ. ಮೂಳೆಯ ಮೇಲ್ಮೈಯಲ್ಲಿರುವ ಕೊಲಾಜೆನ್ ನಾರು ತಾಗಿದರೂ ಕೋಶ ಎಳೆ ಬಿಡದೆ ಸುಮ್ಮನಿರುತ್ತದೆ, ನಾಳದ ಪಕ್ಕಕ್ಕೆ ಬಂದ ಮೇಲೇ ಬಿಡುತ್ತದೆ. ಹಾಗಿಲ್ಲದಿದ್ದರೆ ಪ್ಲೇಟ್‌ಲೆಟ್‌ಗಳು ರಕ್ತಕ್ಕೆ ಸೇರದೆ ಮಜ್ಜೆಯಲ್ಲೇ ಚೆಲ್ಲಿಹೋಗುತ್ತಿದ್ದವು. ಮೈಲೋಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಮಜ್ಜೆಯೆಲ್ಲ ನಾರುಗಟ್ಟಿ ಗಡುಸಾಗುತ್ತದೆ, ಕಾಯಿಲೆ ಮುಂದುವರಿದಂತೆ ಪ್ಲೇಟ್‌ಲೆಟ್ ಕುಸಿಯುತ್ತದೆ.

ಜೀವಂತ ಇಲಿಯ ತಲೆಬುರುಡೆಯ ತೆಳು ಮೂಳೆಯೊಳಗೆ ಲೇಸರ್ ಸೂಕ್ಷ್ಮದರ್ಶಕದಿಂದ ಇಣುಕಿ, ಎಳೆಗಳು ಹರಿದು ರಕ್ತದೊಂದಿಗೆ ಹೋಗುವುದನ್ನು ವಿಜ್ಞಾನಿಗಳು ತೋರಿಸಿದ್ದು 2007ರಲ್ಲಿ. ಉಪಾಯ ಬಿಜ್ಜೊಜೆರೊ ಅವರದೇ, ಸಾಯಿಸದೆ ನೋಡುವುದು. ಉಪಕರಣ ಬರಲು 125 ವರ್ಷ ಬೇಕಾಯಿತು.

ಅವರ ಕೊನೆಯ ವರ್ಷಗಳನ್ನು ಓದುವಾಗ ಬೇಸರವಾಗುತ್ತದೆ. ಕಣ್ಣಿನ ಕಾಯಿಲೆಯಿಂದಾಗಿ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಆಗದಂತಾಯಿತು. ಅದಕ್ಕೆ ಮೂಲೆ ಹಿಡಿಯದೆ ಅವರು ಸಾರ್ವಜನಿಕ ಆರೋಗ್ಯದ ಕಡೆ ತಿರುಗಿದರು. 1890ರಲ್ಲಿ ಸೆನೆಟರ್ ಆಗಿ, ಸೋಂಕು ರೋಗಗಳ ತಡೆಗೆ, ಊರುಗಳ ಶುಚಿತ್ವಕ್ಕೆ ದುಡಿದರು. 1901ರ ಏಪ್ರಿಲ್ 8ರಂದು, 55ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ಮೊದಲ ನೊಬೆಲ್ ಬಹುಮಾನಗಳನ್ನು ಕೊಟ್ಟಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಶಿಷ್ಯ ಗಾಲ್ಜಿಗೆ ಅದು 1906ರಲ್ಲಿ ಬಂತು, ರೈಟ್ ಆ ಸಂಬಂಧ ಕಂಡುಹಿಡಿದ ವರ್ಷವೇ.

ಅವರು ಕಲಿತು ಕಲಿಸಿದ ಪವಿಯಾದಲ್ಲಿ ಈಗ ಮಜ್ಜೆಯನ್ನೇ ತಯಾರಿಸಲು ನೋಡುತ್ತಿದ್ದಾರೆ. ಅದಕ್ಕೆ ಬಳಸುವುದು ರೇಷ್ಮೆ, ನಮ್ಮ ರಾಮನಗರದ ಮಾರುಕಟ್ಟೆಗೆ ಗೂಡುಗಳಾಗಿ ಬರುವಂಥದ್ದೇ. ರೇಷ್ಮೆಯ ಪ್ರೋಟೀನನ್ನು ಕರಗಿಸಿ, ಮಜ್ಜೆಯಷ್ಟೇ ಮೆತ್ತಗಿನ ಸ್ಪಂಜು ಮಾಡಿ, ಅದರಲ್ಲಿ ನಾಳದಂತಹ ಕೊಳವೆ ಬಿಟ್ಟು, ಮನುಷ್ಯರ ಮೆಗಾಕೇರಿಯೊಸೈಟ್‌ಗಳನ್ನು ಬೆಳೆಸುತ್ತಾರೆ. ಕೊಳವೆಯಲ್ಲಿ ದ್ರವ ಹರಿಸಿದಾಗ ಆಚೆ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಬರುತ್ತವೆ, ಅವನ್ನು ಎಣಿಸುತ್ತಾರೆ. ಒಬ್ಬ ರೋಗಿಗೆ ಕೊಡುವಷ್ಟಾಗಲು ಇನ್ನೂ ಬಹಳ ದೂರ ಇದೆ.