ಟಾಟಾ ಇನ್‌ಸ್ಟಿಟ್ಯೂಟ್‌ನ ಟಾಟಾ

ಬೆಂಗಳೂರಿನ ಹಳಬರು ಐಐಎಸ್‌ಸಿಯನ್ನು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೀತಾರೆ. ಅದರ ಅಧಿಕೃತ ಹೆಸರಿನಲ್ಲಿ ಟಾಟಾ ಇಲ್ಲ. ಅವರಿಗೇ ಅದು ಬೇಡವಾಗಿತ್ತು. ಗೇಟ್ ಬರೆದು ಅಲ್ಲಿ ಸೀಟು ಹಿಡಿಯಬೇಕು ಅಂತಿರುವ ನಮಗೆ ಆ ಮನುಷ್ಯನ ಬಗ್ಗೆ ಗೊತ್ತಿರುವುದು ಕಡಿಮೆಯೇ.

ಜಮ್‌ಷೆಡ್‌ಜಿ ಟಾಟಾ ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತರ ಮನೆತನದಲ್ಲಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಅಪ್ಪನ ವ್ಯಾಪಾರಕ್ಕೆ ಸೇರಿದರು. ಆ ವ್ಯಾಪಾರದಲ್ಲಿ ಚೀನಾಕ್ಕೆ ಹೋಗುತ್ತಿದ್ದ ಅಫೀಮೂ ಇತ್ತು. ಇದನ್ನು ಮುಚ್ಚಿಟ್ಟು ಬರೆದರೆ ಅದು ಜೀವನಚರಿತ್ರೆ ಆಗಲ್ಲ, ಜಾಹೀರಾತು ಆಗುತ್ತೆ.

ಬಟ್ಟೆ ಗಿರಣಿ ಅಂದರೆ ಮುಂಬಯಿ ಅನ್ನುತ್ತಿದ್ದ ಕಾಲದಲ್ಲಿ ಅವರು ಹತ್ತಿ ಬೆಳೆಯುವ ಸೀಮೆಗೇ ಹೋಗಿ, ನಾಗಪುರದಲ್ಲಿ 1877ರ ಜನವರಿ 1ರಂದು ಎಂಪ್ರೆಸ್ ಮಿಲ್ಸ್ ತೆರೆದರು. ಮೆಕ್ಯಾನಿಕಲ್‌ನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗಿರಣಿಯೊಳಗಿನ ಗಾಳಿಯನ್ನು ತೇವವಾಗಿಡಲು ಹ್ಯುಮಿಡಿಫೈಯರ್, ಬೆಂಕಿ ಆರಿಸಲು ಸ್ಪ್ರಿಂಕ್ಲರ್ ಹಾಕಿಸಿದರು. ಗಾಳಿ ಒಣಗಿದರೆ ನೂಲು ಕಡಿಯುತ್ತೆ, ಹತ್ತಿಯ ಧೂಳು ಹಾರಿ ಕೆಲಸಗಾರನ ಉಸಿರು ಕಟ್ಟುತ್ತೆ. ಒಂದೇ ಯಂತ್ರದಿಂದ ಎರಡಕ್ಕೂ ಉಪಾಯ. 1886ರಲ್ಲಿ ಕೆಲಸಗಾರರಿಗೆ ಪಿಂಚಣಿ ನಿಧಿ, 1895ರಲ್ಲಿ ಅಪಘಾತವಾದರೆ ಪರಿಹಾರ. ಪರಿಹಾರ ಕೊಡಲೇಬೇಕು ಅನ್ನುವ ಕಾನೂನು ನಮ್ಮ ದೇಶಕ್ಕೆ ಬಂದದ್ದು 1923ರಲ್ಲಿ!

ಈಗ ಸಿಎಸ್‌ಆರ್‌ಗೇ ಕಾನೂನಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಾವೂ ಒಮ್ಮೆ ಒಂದು ಕಂಪನಿ ಕೊಟ್ಟ ಟೀ ಶರ್ಟ್ ಹಾಕ್ಕೊಂಡು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಬಂದಿದ್ದೆವು. ಆಮೇಲೆ ಅವಕ್ಕೆ ನೀರು ಹಾಕೋಕೆ ಕಂಪನಿಯವರೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಟೀ ಶರ್ಟ್ ಮಾತ್ರ ಹಾಸ್ಟೆಲಿನಲ್ಲಿ ಇನ್ನೂ ಗಟ್ಟಿಯಾಗಿದೆ. ಆ ಕಂಪನಿಯ ಫ್ಯಾಕ್ಟರಿಯೊಳಗೆ ಗಾಳಿ ಹೇಗಿದೆ ಅಂತ ಕೇಳಬೇಕು ಅನ್ನುವುದು ಅವತ್ತು ನಮಗೆ ಹೊಳೆಯಲೇ ಇಲ್ಲ.

ಜಮ್‌ಷೆಡ್‌ಜಿ 1892ರಲ್ಲಿ ವಿದೇಶಕ್ಕೆ ಓದಲು ಹೋಗುವವರಿಗೆ ನಿಧಿ ಇಟ್ಟರು. ಅದು ದಾನವಲ್ಲ, ಸಾಲ. ದುಡಿದು ತೀರಿಸಿದರೆ ಮುಂದಿನವರಿಗೆ ಸಿಗುತ್ತೆ. 1898ರಲ್ಲಿ ವಿಜ್ಞಾನ ಸಂಸ್ಥೆಗೆಂದು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಡಲು ಮುಂದೆ ಬಂದರು. ವೈಸ್‌ರಾಯ್ ಕರ್ಜನ್‌ಗೆ ಅನುಮಾನ: ಇಲ್ಲಿ ಓದೋರು ಎಲ್ಲಿದ್ದಾರೆ, ಓದಿದವರಿಗೆ ಕೆಲಸ ಎಲ್ಲಿದೆ? ಕಡತ ಓಡಾಡುತ್ತಲೇ ಇತ್ತು. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ಸುತ್ತಾಡಿ ಬೆಂಗಳೂರೇ ಸರಿ ಅಂದರು. 1904ರಲ್ಲಿ ಜರ್ಮನಿಯಲ್ಲಿ ಜಮ್‌ಷೆಡ್‌ಜಿ ತೀರಿಕೊಂಡಾಗ ಇಲ್ಲಿ ಇನ್ನೂ ಒಂದು ಗೋಡೆಯೂ ಎದ್ದಿರಲಿಲ್ಲ.

ಮಕ್ಕಳಾದ ದೊರಾಬ್‌ಜಿ, ರತನ್‌ಜಿ ಅಪ್ಪನ ಮಾತು ಉಳಿಸಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1911ರಲ್ಲಿ ಕೆಮಿಸ್ಟ್ರಿಗೂ ಎಲೆಕ್ಟ್ರಿಕಲ್ ಟೆಕ್ನಾಲಜಿಗೂ ಮೊದಲ ವಿದ್ಯಾರ್ಥಿಗಳು ಬಂದು ಸೇರಿದರು.