ಆರು ಚುಕ್ಕೆಗಳ ಅಕ್ಷರದಾಸೋಹಿ ಲೂಯಿ ಬ್ರೈಲ್

ವಿದ್ಯೆಯು ಸಕಲರ ಸೊತ್ತೆಂದು ಹೇಳುವುದು ಸುಲಭ. ಆದರೆ ಎಲ್ಲರೂ ಕಲಿಯುವ ಬಗೆಯಲ್ಲಿ ಕಲಿಯಲಾರದ ಮಗುವೊಂದು ಶಾಲೆಯ ಹೊಸ್ತಿಲಲ್ಲಿ ನಿಂತಾಗ ಆ ಮಾತು ಒರೆಗೆ ಹಚ್ಚಲ್ಪಡುತ್ತದೆ. ಅಂಥ ಮಗುವಿನ ಪರವಾಗಿ ನಿಂತು, ಇದಕ್ಕೂ ಒಂದು ಸ್ಥಳ ಕೊಡಿರೆಂದು ಕೇಳುವ ಹಿರಿಯರು ದೊರೆತರೆ ಅದರ ಬಾಳು ಬೆಳಗುತ್ತದೆ, ದೊರೆಯದಿದ್ದರೆ ಮೂಲೆಗುಂಪಾಗುತ್ತದೆ. ಜಗತ್ತಿನ ಅಂಧರಿಗೆಲ್ಲ ಅಕ್ಷರದಾನ ಮಾಡಿದ ಲೂಯಿ ಬ್ರೈಲ್ ಅವರ ಜೀವನವು ಈ ಸತ್ಯಕ್ಕೆ ಉಜ್ವಲ ನಿದರ್ಶನವಾಗಿದೆ.

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ಸಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಕೂಪ್ವ್ರೆ ಎಂಬ ಹಳ್ಳಿಯಿದೆ. ಅಲ್ಲಿ ಸಿಮೋನ್ ರೆನೆ ಬ್ರೈಲ್ ಎಂಬಾತನು ಕುದುರೆಗಳ ಜೀನು, ಲಗಾಮುಗಳನ್ನು ಹೊಲಿದು ಜೀವಿಸುತ್ತಿದ್ದನು. ಆ ಕಾಯಕಜೀವಿಯ ನಾಲ್ವರು ಮಕ್ಕಳಲ್ಲಿ ಕಿರಿಯನಾಗಿ ಲೂಯಿ 1809ನೆಯ ಜನವರಿ 4ರಂದು ಜನಿಸಿದನು. ಮೂರರ ವಯಸ್ಸಿನಲ್ಲಿ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ ತೊಗಲಿನ ಕೆಲಸದ ಚೂಪಾದ ಹತಾರವೊಂದು ಅವನ ಒಂದು ಕಣ್ಣಿಗೆ ನೆಟ್ಟಿತು. ಗಾಯವು ಕೀತು ನಂಜು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವ ಹೊತ್ತಿಗೆ ಬಾಲಕನಿಗೆ ಜಗತ್ತೆಲ್ಲ ಕತ್ತಲಾಯಿತು.

ಆ ಕಾಲದಲ್ಲಿ ಬಡಕುಟುಂಬದ ಕುರುಡು ಮಗುವಿಗೆ ಬಹುಮಟ್ಟಿಗೆ ಒಂದೇ ದಾರಿ, ಅದು ಭಿಕ್ಷಾಪಾತ್ರೆ. ಲೂಯಿಯ ತಂದೆತಾಯಿಗಳು ಆ ದಾರಿಯನ್ನು ಒಪ್ಪಲಿಲ್ಲ. ತಂದೆಯು ಮಗನಿಗೆ ಊರುಗೋಲು ಮಾಡಿಕೊಟ್ಟು ಓಣಿಯಲ್ಲಿ ತಾನೇ ನಡೆಯಲು ಕಲಿಸಿದನು. ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರಗಳ ಆಕಾರದಲ್ಲಿ ಬಡಿದು, ಬೆರಳಿನಿಂದ ತಡವಿ ಗುರುತಿಸುವಂತೆ ಮಾಡಿದನು. ಮಗನ ಮೊದಲ ಅಕ್ಷರಾಭ್ಯಾಸವು ಹೀಗೆ ತಂದೆಯ ಕಾಯಕದ ಸಾಮಗ್ರಿಗಳಿಂದಲೇ ನಡೆಯಿತು.

1815ರಲ್ಲಿ ಜಾಕ್ ಪಾಲ್ವಿ ಎಂಬ ಪಾದ್ರಿಯು ಆ ಊರಿಗೆ ಬಂದನು. ಬಾಲಕನ ಚುರುಕುಬುದ್ಧಿಯನ್ನು ಕಂಡು ಅವನನ್ನು ತನ್ನ ಮನೆಗೆ ಕರೆಯಿಸಿಕೊಂಡು ಪಾಠ ಹೇಳತೊಡಗಿದನು. ಕೆಲಕಾಲದ ಮೇಲೆ, ಈ ಹುಡುಗನು ಒಬ್ಬಂಟಿಯಾಗಿ ಕಲಿಯಬಾರದು, ಓರಗೆಯ ಮಕ್ಕಳೊಡನೆ ಕುಳಿತು ಕಲಿಯಬೇಕೆಂದು ನಿಶ್ಚಯಿಸಿ ಊರಿನ ಶಾಲೆಯ ಉಪಾಧ್ಯಾಯನಾದ ಆಂತ್ವಾನ್ ಬೆಶೆರೆಯನ್ನು ಕೇಳಿದನು. ಕಣ್ಣಿಲ್ಲದವನನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುವ ರೂಢಿಯೇ ಇಲ್ಲದ ದಿನಗಳಲ್ಲಿ ಬೆಶೆರೆಯು ಒಪ್ಪಿದನು. ಹುಡುಗನು ಕೇಳಿದ್ದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡು ತರಗತಿಯ ಮುಂದಿನ ಸಾಲಿಗೆ ಬಂದನು.

ಆದರೆ ಕಿವಿಯ ವಿದ್ಯೆಗೆ ಒಂದು ಮಿತಿಯುಂಟು. ಉಳಿದ ಮಕ್ಕಳು ಪುಸ್ತಕ ತೆರೆದಾಗ ಲೂಯಿ ಕೈಕಟ್ಟಿ ಕೂರಬೇಕಾಗುತ್ತಿತ್ತು. ಇದನ್ನು ಕಂಡು ಹಿತೈಷಿಗಳು ಸುಮ್ಮನಿರದೆ ಊರಿನ ಸಿರಿವಂತನಾದ ಮಾರ್ಕ್ವಿಸ್ ದೋರ್ವಿಲ್ಯೆಯನ್ನು ಕಂಡರು. ವ್ಯಾಲೆಂಟಿನ್ ಆವ್ವಿ ಎಂಬ ಮಹನೀಯನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಂಧ ಮಕ್ಕಳಿಗಾಗಿ ಸ್ಥಾಪಿಸಿದ ವಿದ್ಯಾಲಯವು ಪ್ಯಾರಿಸ್ಸಿನಲ್ಲಿತ್ತು. ಮಾರ್ಕ್ವಿಸನು ಅಲ್ಲಿಗೆ ಬರೆದು ಬಾಲಕನಿಗಾಗಿ ಶಿಫಾರಸು ಮಾಡಿದನು. 1819ನೆಯ ಫೆಬ್ರವರಿ 15ರಂದು ಹತ್ತು ವರ್ಷದ ಲೂಯಿ ವಿದ್ಯಾರ್ಥಿವೇತನದೊಡನೆ ಆ ವಿದ್ಯಾಲಯವನ್ನು ಸೇರಿದನು. ತಂದೆ, ಪಾದ್ರಿ, ಉಪಾಧ್ಯಾಯ, ಸಿರಿವಂತ, ಈ ನಾಲ್ವರಲ್ಲಿ ಯಾರೊಬ್ಬರು ಸುಮ್ಮನಿದ್ದಿದ್ದರೂ ಈ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು.

ಅಲ್ಲಿಯೂ ತೊಡಕು ತಪ್ಪಲಿಲ್ಲ. ಕಣ್ಣುಳ್ಳವರು ಓದುವ ಅಕ್ಷರಗಳನ್ನೇ ದಪ್ಪ ಕಾಗದದಲ್ಲಿ ಉಬ್ಬಿಸಿ ಅಚ್ಚು ಹಾಕಿದ ಭಾರವಾದ ಗ್ರಂಥಗಳು ಕೆಲವಿದ್ದವು. ಅವನ್ನು ತಡವಿ ಓದುವುದು ಬಹು ನಿಧಾನ. ಆ ಕ್ರಮದಲ್ಲಿ ತಾವೇ ಬರೆಯುವುದಂತೂ ದುಸ್ಸಾಧ್ಯ. 1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ನಿವೃತ್ತ ಸೇನಾಧಿಕಾರಿಯ ಉಬ್ಬುಚುಕ್ಕೆಗಳ ಲಿಪಿಯ ಪರಿಚಯ ವಿದ್ಯಾಲಯಕ್ಕಾಯಿತು. ಅದರ ಒಂದೊಂದು ಚಿಹ್ನೆಗೆ ಹನ್ನೆರಡರವರೆಗೆ ಚುಕ್ಕೆಗಳು ಬೇಕು. ಬೆರಳ ತುದಿಗೆ ಒಮ್ಮೆಗೇ ನಿಲುಕವು. ಅದು ಉಚ್ಚಾರಣೆಯನ್ನು ಸೂಚಿಸುತ್ತಿತ್ತೇ ಹೊರತು ಶುದ್ಧ ಕಾಗುಣಿತವನ್ನಲ್ಲ. ಲೂಯಿ ಬಿಡುವಿನ ವೇಳೆಯಲ್ಲೆಲ್ಲ ದುಡಿದು 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆರೇ ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಎರಡು ಕಂಬಸಾಲು, ಸಾಲಿಗೆ ಮೂರು ಚುಕ್ಕೆ. ಅವುಗಳ ಕೂಡುವಿಕೆಯಿಂದ 63 ಚಿಹ್ನೆಗಳು. ಅಕ್ಷರ, ಅಂಕಿ, ವಿರಾಮಚಿಹ್ನೆ, ಸಂಗೀತದ ಸ್ವರ ಎಲ್ಲಕ್ಕೂ ಅವು ಸಾಕಾದವು.

ಇನ್ನು ಮುಂದೆ ಅವರನ್ನು ಗುರುಗಳೆಂದೇ ಗೌರವಿಸಬೇಕು. ಬ್ರೈಲ್ ಅವರು ಅದೇ ವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚರ್ಚಿನಲ್ಲಿ ಆರ್ಗನ್ ನುಡಿಸುವ ವಾದಕರೆಂದೂ ಹೆಸರಾದರು. 1829ರಲ್ಲಿ ತಮ್ಮ ಲಿಪಿಕ್ರಮದ ಗ್ರಂಥವನ್ನು ಪ್ರಕಟಿಸಿದರು. ಆದರೆ 1840ರಲ್ಲಿ ನಿರ್ದೇಶಕನಾಗಿ ಬಂದ ದ್ಯುಫೋ ಎಂಬಾತನಿಗೆ, ಅಂಧರ ಲಿಪಿಯು ಕಣ್ಣುಳ್ಳವರ ಲಿಪಿಯಂತೆಯೇ ಇರಬೇಕೆಂಬ ಹಟ. ಅವನು ಚುಕ್ಕೆಲಿಪಿಯನ್ನು ನಿಷೇಧಿಸಿದನು. ವಿದ್ಯಾರ್ಥಿಗಳು ಬಿಡಲಿಲ್ಲ, ಗುಟ್ಟಾಗಿ ಬರೆದರು, ಗುಟ್ಟಾಗಿ ಓದಿದರು. ಕೊನೆಗೆ ಸಹಾಯಕನಾದ ಗ್ವಾದೆ ಎಂಬಾತನು ಮಕ್ಕಳ ಪಕ್ಷ ವಹಿಸಿ ದ್ಯುಫೋನ ಮನಸ್ಸನ್ನು ತಿರುಗಿಸಿದನು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ತುಂಬಿದ ಸಭೆಯ ಮುಂದೆ ಆ ಲಿಪಿಯ ಪ್ರದರ್ಶನ ನಡೆಯಿತು.

ಕ್ಷಯರೋಗದಿಂದ ಬಳಲಿದ ಬ್ರೈಲ್ ಅವರು 1852ನೆಯ ಜನವರಿ 6ರಂದು, ನಾಲ್ವತ್ತಮೂರು ತುಂಬಿದ ಎರಡೇ ದಿನಕ್ಕೆ, ತೀರಿಕೊಂಡರು. ಎರಡು ವರ್ಷಗಳ ತರುವಾಯ ಫ್ರಾನ್ಸು ಅವರ ಲಿಪಿಯನ್ನು ಅಧಿಕೃತವಾಗಿ ಸ್ವೀಕರಿಸಿತು. 1952ರಲ್ಲಿ ಅವರ ಅಸ್ಥಿಗಳು ರಾಷ್ಟ್ರದ ಮಹನೀಯರು ವಿರಮಿಸುವ ಪ್ಯಾಂಥಿಯನ್ನಿಗೆ ಸಾಗಿದವು. ಆ ಲಿಪಿಯನ್ನು ಕಡೆದ ಕೈಗಳು ಮಾತ್ರ ಹುಟ್ಟೂರಿನ ಮಣ್ಣಿನಲ್ಲಿ ಉಳಿದವು.

ಆ ಕೈಗಳ ಪುಣ್ಯಫಲವು ನಮ್ಮ ನಾಡಿಗೂ ಬಂದಿದೆ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಏಕರೂಪದ ಭಾರತೀ ಬ್ರೈಲ್ ರೂಪುಗೊಂಡಿತು. ಎಡಸಾಲಿನ ಮೇಲಿನ ಒಂದೇ ಚುಕ್ಕೆ ನಮ್ಮ ಅಕಾರ. ಅದರೊಡನೆ ಅದೇ ಸಾಲಿನ ಕೆಳಗಿನ ಚುಕ್ಕೆ ಕೂಡಿದರೆ ಕಕಾರ. ಕರುಣೆಯ ಕೈಹಿಡಿತವೇನೂ ನಮ್ಮ ನಾಡಿಗೆ ಹೊಸದಲ್ಲ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ದೃಷ್ಟಿಹೀನ ಬಾಲಕನೊಬ್ಬನನ್ನು ಕೈಹಿಡಿದು ಸಂಗೀತವಿದ್ಯೆಗೆ ಹಚ್ಚಿದ್ದರಿಂದಲೇ ಪಂಚಾಕ್ಷರ ಗವಾಯಿಗಳು ನಮಗೆ ದೊರೆತರು. ಅವರಿಂದ ಗದಗಿನ ವೀರೇಶ್ವರ ಪುಣ್ಯಾಶ್ರಮವು ಎಷ್ಟೋ ಅಂಧ ಮಕ್ಕಳ ಮನೆಯಾಯಿತು.

ಇಂದು ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ, ಅದು ಗೊತ್ತುಪಡಿಸಿದ ಪ್ರಮಾಣದ ವೈಕಲ್ಯವುಳ್ಳ ಆರರಿಂದ ಹದಿನೆಂಟು ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಆದರೆ ಹಕ್ಕು ಹಾಳೆಯಲ್ಲಿದ್ದರೆ ಸಾಲದು. ಅದನ್ನು ಮಗುವಿನ ಹೆಸರಿನಲ್ಲಿ ಕೇಳುವ ಬಾಯಿಯೂ, ಕೇಳಿದಾಗ ಒಪ್ಪುವ ಗುರುವೂ ಇರಬೇಕು. ಕಾಣದ, ಕೇಳದ, ತಡವಾಗಿ ಗ್ರಹಿಸುವ ಮಗುವು ನಮ್ಮ ತರಗತಿಗೆ ಬಂದಾಗ, ಮಗುವು ನಮ್ಮ ಪದ್ಧತಿಗೆ ಹೊಂದಲಿಲ್ಲವೆಂದು ಹಿಂದಕ್ಕೆ ಕಳುಹಿಸದೆ, ನಮ್ಮ ಪದ್ಧತಿಯನ್ನು ಮಗುವಿಗೆ ಹೊಂದಿಸುವುದೇ ಗುರುಧರ್ಮ. ಕೂಪ್ವ್ರೆಯ ಆ ಹಳ್ಳಿಯ ಉಪಾಧ್ಯಾಯನು ಮಾಡಿದ್ದು ಇಷ್ಟೇ. ಅದರ ಬೆಳಕು ಲೋಕವನ್ನೇ ತುಂಬಿತು. ಅಂಥ ಬೆಳಕು ನಮ್ಮ ಶಾಲೆಗಳಲ್ಲಿಯೂ ಬೆಳಗಲಿ.