ಹಝ್ರತ್ ಬಂದೇ ನವಾಝ್(ರ): ದಿನಚರಿಯಿಂದ ಬೆಳೆದ ಸಹನೆ

ದುಲ್‌ಕಅದ್ ತಿಂಗಳ ನಡುಭಾಗ ಬಂತೆಂದರೆ ಕಲಬುರಗಿಯ ದಾರಿಗಳೆಲ್ಲ ತುಂಬುತ್ತವೆ. ಬೀದರ್, ಹುಮನಾಬಾದ್ ಕಡೆಯ ಕುಟುಂಬಗಳು ಕಮಲಾಪುರದ ಮೂಲಕ ಬಸ್ಸು, ಜೀಪುಗಳಲ್ಲಿ ಬರುತ್ತವೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡ ಮೇಲೆ ರೈಲು ಹತ್ತಿ ಬರುವವರೂ ಇದ್ದಾರೆ. ತಿಂಗಳ 15ರಂದು ಮಹಬೂಬ್ ಗುಲ್ಶನ್ ತೋಟದಿಂದ ಸಂದಲ್ ಮೆರವಣಿಗೆ ಹೊರಡುತ್ತದೆ. ಮರುದಿನ ದೀಪಗಳು. ಇದೆಲ್ಲ ಹಝ್ರತ್ ಖ್ವಾಜಾ ಬಂದೇ ನವಾಝ್ ಗೇಸೂದರಾಝ್(ರ)ರ ಹೆಸರಿನಲ್ಲಿ.

ಆ ಹೆಸರನ್ನು ಕೇಳದ ಮುಸ್ಲಿಮ್ ಮನೆ ನಮ್ಮ ನಾಡಿನಲ್ಲಿ ಇರಲಾರದು. ಅವರ ಕುರಿತಾದ ಪವಾಡದ ಕಥೆಗಳನ್ನು ಅಜ್ಜಿಯಂದಿರ ಬಾಯಿಂದ ಕೇಳಿಯೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಆದರೆ ಅವರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ದಿನವನ್ನು ಹೇಗೆ ಕಳೆಯುತ್ತಿದ್ದರು ಎಂದು ಕೇಳುವವರು ಕಡಿಮೆ. ಅವರ ಬದುಕಿನಲ್ಲಿ ನಮ್ಮಂತಹ ಸಾಮಾನ್ಯರ ಕೈಗೆ ಎಟಕುವ ಭಾಗವೇ ಇದು. ನಾವು ಬಿಟ್ಟಿರುವುದೂ ಇದನ್ನೇ.

ಅವರ ನಿಜವಾದ ಹೆಸರು ಸಯ್ಯದ್ ಮುಹಮ್ಮದ್ ಹುಸೈನಿ. ಹಿಜರಿ 721ರಲ್ಲಿ, ಅಂದರೆ ಕ್ರಿ.ಶ. 1321ರಲ್ಲಿ, ದೆಹಲಿಯಲ್ಲಿ ಹುಟ್ಟಿದರು. ಏಳರ ಆಸುಪಾಸಿನ ಹುಡುಗನಾಗಿದ್ದಾಗ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯ ಗಣ್ಯರನ್ನೂ ವಿದ್ವಾಂಸರನ್ನೂ ದೌಲತಾಬಾದಿಗೆ ಸಾಗಹಾಕಿದ. ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಬಾಲಕನ ಕುಟುಂಬವೂ ಹೊರಟಿತು. ದಖನಿಗೆ ಬಂದು ಕೆಲವೇ ವರ್ಷಗಳಲ್ಲಿ ತಂದೆ ಸಯ್ಯದ್ ಯೂಸುಫ್ ತೀರಿಕೊಂಡರು. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ತಾಯಿಗೆ ತನ್ನ ಸಹೋದರನೊಡನೆ ಮನಸ್ತಾಪವುಂಟಾಗಿ, ಹದಿನೈದರ ಹರೆಯದ ಮಗನನ್ನೂ ಅವನ ಅಣ್ಣನನ್ನೂ ಕರೆದುಕೊಂಡು ಆಕೆ ದೆಹಲಿಗೆ ಮರಳಿದರು. ತಂದೆಯಿಲ್ಲದ ಇಬ್ಬರು ಗಂಡುಮಕ್ಕಳೊಡನೆ ಅಷ್ಟು ದೂರ ಪ್ರಯಾಣ ಮಾಡಿದ ಆ ತಾಯಿಯ ಧೈರ್ಯವನ್ನು ಸ್ಮರಿಸದೆ ಮುಂದೆ ಹೋಗಲಾಗದು.

ದೆಹಲಿಯಲ್ಲಿ ಆಗ ಹಝ್ರತ್ ನಿಝಾಮುದ್ದೀನ್ ಔಲಿಯಾ(ರ)ರ ಉತ್ತರಾಧಿಕಾರಿ ಹಝ್ರತ್ ನಸೀರುದ್ದೀನ್ ಚಿರಾಗ್ ದೆಹಲವಿ(ರ)ಯವರಿದ್ದರು. ಅವರು ಒಮ್ಮೆ ಜನರ ಗದ್ದಲದಿಂದ ದೂರ ಹೋಗಿ ಕಾಡಿನಲ್ಲಿ ಇಬಾದತ್ ಮಾಡುತ್ತಾ ಇರಲು ತಮ್ಮ ಗುರುವಿನ ಅನುಮತಿ ಬೇಡಿದ್ದರು. ಗುರು ಒಪ್ಪಲಿಲ್ಲ. ಊರಿನಲ್ಲೇ ಇದ್ದು ಜನರ ಒರಟುತನವನ್ನು ಸಹಿಸಬೇಕೆಂದು ಆದೇಶಿಸಿದರು. ಕೊನೆಗಾಲದಲ್ಲಿ ಒಬ್ಬ ಕಲಂದರ್ ಅವರ ಕೋಣೆಗೆ ನುಗ್ಗಿ ಚೂರಿಯಿಂದ ಇರಿದಾಗಲೂ ಅವನನ್ನು ದಂಡಿಸಲು ಅವರು ಬಿಡಲಿಲ್ಲ. ಇಂತಹವರ ಕೈಯಲ್ಲಿ ಅಣ್ಣ ತಮ್ಮಂದಿರು 1336ರಲ್ಲಿ ಬೈಅತ್ ಮಾಡಿದರು.

ಗುರು ಆ ಹದಿನೈದು ವರ್ಷದ ಹುಡುಗನನ್ನು ಹೇಗೆ ಪಳಗಿಸಿದರೆಂಬುದು ಅವನ ಜೀವನಚರಿತ್ರೆಯ ಅತ್ಯಂತ ಸೊಗಸಾದ ಭಾಗ. ಮೊದಲ ದಿನವೇ ರಾತ್ರಿಯಿಡೀ ನಮಾಝ್ ಮಾಡು, ವರ್ಷವಿಡೀ ಉಪವಾಸವಿರು ಎಂದು ಅವರು ಹೇಳಲಿಲ್ಲ. ಫಜ್ರ್‌ಗಾಗಿ ಮಾಡಿದ ವುಝೂ ಸೂರ್ಯೋದಯದವರೆಗೆ ಉಳಿಯುತ್ತದೆಯೇ ಎಂದು ಕೇಳಿದರು. ಉಳಿಯುತ್ತದೆ ಎಂದ ಹುಡುಗ. ಹಾಗಾದರೆ ಅದೇ ವುಝೂವಿನಲ್ಲಿ ಇಶ್ರಾಕ್ ನಮಾಝ್ ಮಾಡಿದರೆ ಒಳ್ಳೆಯದಲ್ಲವೇ ಎಂದರು. ಅಷ್ಟೇ. ಅದು ರೂಢಿಯಾದ ಮೇಲೆ, ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಚಾಶ್ತ್ ನಮಾಝೂ ಆಗುತ್ತದೆ ಎಂದರು. ಉಪವಾಸದಲ್ಲೂ ಇದೇ ರೀತಿ. ರಜಬ್‌ನಲ್ಲಿ ಉಪವಾಸವಿರುವ ಹುಡುಗ ಶಅಬಾನ್‌ನಲ್ಲೂ ಕೆಲವು ದಿನ ಇರುತ್ತಾನೆಂದು ತಿಳಿದಾಗ, ಉಳಿದ ದಿನಗಳನ್ನೂ ಸೇರಿಸಿಕೊಂಡರೆ ರಮಝಾನ್‌ವರೆಗೆ ಮೂರು ತಿಂಗಳು ಪೂರ್ತಿಯಾಗುತ್ತದೆ ಎಂದು ಸೂಚಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಗುರು ಪ್ರತಿ ಸಲವೂ ಶಿಷ್ಯನ ಬಳಿ ಆಗಲೇ ಇರುವುದನ್ನು ಮೊದಲು ಕೇಳಿ ತಿಳಿಯುತ್ತಾರೆ. ಅದರ ತುದಿಗೆ ಒಂದು ಸಣ್ಣ ಎಳೆಯನ್ನು ಕಟ್ಟುತ್ತಾರೆ. ಎಳೆ ಗಟ್ಟಿಯಾದ ಮೇಲೆಯೇ ಇನ್ನೊಂದು. ಅಲ್ಪವಾದರೂ ನಿರಂತರವಾಗಿ ನಡೆಯುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ರು ಕಲಿಸಿದ್ದರು. ಆ ಪಾಠವನ್ನು ಒಬ್ಬ ಹುಡುಗನ ಮೇಲೆ ಪ್ರಯೋಗಿಸಿದ ಬಗೆ ಇದು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ರಮಝಾನಿನ ಮೊದಲ ವಾರ ತರಾವೀಹ್, ತಹಜ್ಜುದ್, ದಿನಕ್ಕೊಂದು ಜುಝ್ ಕುರ್‌ಆನ್ ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ಶವ್ವಾಲ್ ಚಂದ್ರ ಕಂಡ ಮರುದಿನ ಫಜ್ರ್‌ಗೆ ಏಳಿಸಲು ತಾಯಿ ಮೂರು ಸಲ ಕೂಗಬೇಕು. ಕಮಲಾಪುರದ ಕೆಂಪು ಬಾಳೆಯ ಬೆಳೆಗಾರರನ್ನು ಕೇಳಿ ನೋಡಿ: ಅದು ಬೇರೆ ಬಾಳೆಗಳಿಗಿಂತ ಹೆಚ್ಚು ತಿಂಗಳು ಬೇಡುವ ಬೆಳೆ. ಅವಸರ ಮಾಡಿದರೆ ಗೊನೆ ಬಾರದು.

ಹುಡುಗನಿಗೂ ಅವಸರವಿತ್ತು. ಇಬಾದತಿನ ರುಚಿ ಹತ್ತಿದ ಮೇಲೆ ಓದನ್ನು ಬಿಟ್ಟುಬಿಡುವ ಆಲೋಚನೆ ಬಂತು. ಗುರು ತಡೆದರು. ವಿದ್ಯೆಯನ್ನು ಪೂರ್ತಿ ಮಾಡಿಕೊಳ್ಳಬೇಕೆಂದು ಹೇಳಿ, ಅವನಿಂದ ಆಗಬೇಕಾದ ಕೆಲಸ ಬೇರೆಯೇ ಇದೆಯೆಂದು ಸೂಚಿಸಿದರು. ಖಾಝಿ ಅಬ್ದುಲ್ ಮುಕ್ತದಿರ್ ಮೊದಲಾದ ವಿದ್ವಾಂಸರ ಬಳಿ ಓದು ಮುಂದುವರಿಯಿತು. ಆಮೇಲೆಯೇ ಏಕಾಂತದ ವರ್ಷಗಳು, ಕಡಿಮೆ ಊಟ, ಕಡಿಮೆ ನಿದ್ದೆ.

ಗೇಸೂದರಾಝ್ ಅಂದರೆ ನೀಳ ಕೂದಲಿನವರು. ಈ ಹೆಸರು ಬಂದ ಕಥೆ ಎಲ್ಲರಿಗೂ ಗೊತ್ತು. ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಿದ್ದಾಗ ಅವರ ಉದ್ದನೆಯ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆಯಾದೀತೆಂದು ನೋವನ್ನು ನುಂಗಿಕೊಂಡೇ ನಡೆದರಂತೆ. ವಿವರಗಳು ಹೇಳುವವರಿಗೆ ತಕ್ಕಂತೆ ಬದಲಾಗುತ್ತವೆ. ನನಗನಿಸುವುದು ಇಷ್ಟು: ಭಕ್ತಿಯ ಆವೇಶದಲ್ಲಿ ಅರ್ಧ ಗಂಟೆಯ ನೋವನ್ನು ಸಹಿಸುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಯಾರೂ ನೋಡದ ಮುಂಜಾವಿನಲ್ಲಿ, ಚಳಿಗಾಲದ ದೆಹಲಿಯಲ್ಲಿ, ವರ್ಷಗಟ್ಟಲೆ ಹಾಸಿಗೆ ಬಿಟ್ಟು ಏಳುವುದು ಅದಕ್ಕಿಂತ ಕಷ್ಟದ ಕೆಲಸ.

1356ರ ರಮಝಾನಿನಲ್ಲಿ ಗುರು ತೀರಿಕೊಂಡರು. ಅಷ್ಟರಲ್ಲಿ ಅವರ ಬಳಿ ಇಪ್ಪತ್ತು ವರ್ಷಗಳ ತರಬೇತಿಯಾಗಿತ್ತು. ಮುಂದಿನ ನಲುವತ್ತಕ್ಕೂ ಹೆಚ್ಚು ವರ್ಷ ಬಂದೇ ನವಾಝ್(ರ) ದೆಹಲಿಯಲ್ಲೇ ಇದ್ದು ಜನರಿಗೆ ಮಾರ್ಗದರ್ಶನ ಮಾಡಿದರು. ತಾಯಿಯ ಒತ್ತಾಯಕ್ಕೆ ಮಣಿದು ನಲುವತ್ತರ ಪ್ರಾಯದಲ್ಲಿ ಬೀಬಿ ರಝಾ ಖಾತೂನ್ ಅವರನ್ನು ವಿವಾಹವಾದರು. ಮಕ್ಕಳಾದರು. ಖಾನ್‌ಖಾಹ್, ಶಿಷ್ಯರು, ಪುಸ್ತಕಗಳು ಎಲ್ಲವೂ ಇದ್ದ ನೆಮ್ಮದಿಯ ಬಾಳು ಅದು.

ಆ ನೆಮ್ಮದಿ 1398ರ ಡಿಸೆಂಬರಿನಲ್ಲಿ ಕುಸಿಯಿತು. ತೈಮೂರನ ಸೈನ್ಯ ದೆಹಲಿಯ ಬಾಗಿಲಿಗೆ ಬಂತು. ಕುಟುಂಬವನ್ನೂ ಸಂಗಡಿಗರನ್ನೂ ಕರೆದುಕೊಂಡು ಅವರು ಊರು ಬಿಟ್ಟರು. ಆಗ ಅವರಿಗೆ ಎಪ್ಪತ್ತೇಳು. ಏಳರಲ್ಲಿ ಅರಸನ ಹುಕುಮಿಗೆ ದೆಹಲಿ ಬಿಟ್ಟವರು ಎಪ್ಪತ್ತು ವರ್ಷಗಳ ಮೇಲೆ ಇನ್ನೊಬ್ಬ ಅರಸನ ಕತ್ತಿಗೆ ಅದೇ ದೆಹಲಿಯನ್ನು ಬಿಡಬೇಕಾಯಿತು. ಗ್ವಾಲಿಯರ್, ಚಂದೇರಿ, ಗುಜರಾತಿನ ಖಂಬಾಯತ್, ಅಲ್ಲಿಂದ ತಂದೆ ಮಲಗಿದ್ದ ದೌಲತಾಬಾದಿನ ಸೀಮೆ. ದಾರಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಳೆಯಿತು.

ಆ ಪ್ರಾಯದಲ್ಲಿ ಮನೆಮಾರು ಕಳೆದುಕೊಂಡವನು ಮೂಲೆ ಹಿಡಿದು ಕುಳಿತರೆ ಯಾರೂ ತಪ್ಪೆನ್ನಲಾರರು. ಆದರೆ ಮಗ ಸಯ್ಯದ್ ಅಕ್ಬರ್ ಹುಸೈನಿ ತಂದೆಯ ಉಪದೇಶಗಳನ್ನು ಸಂಗ್ರಹಿಸಿ ಬರೆದ ಜವಾಮಿಉಲ್ ಕಲಿಮ್ ಗ್ರಂಥ ಸಿದ್ಧವಾದದ್ದು ಈ ಅಲೆದಾಟದ ದಿನಗಳಲ್ಲೇ, 1400ರ ಸುಮಾರಿಗೆ! ಇಂದು ಒಂದೂರು, ನಾಳೆ ಇನ್ನೊಂದೂರು ಎಂದು ತಂಗುವಾಗಲೂ ಮಜ್ಲಿಸ್ ನಿಲ್ಲಲಿಲ್ಲ. ನಗರ ಹೋಯಿತು, ಖಾನ್‌ಖಾಹ್ ಹೋಯಿತು. ಫಜ್ರ್‌ನಿಂದ ಇಶಾವರೆಗಿನ ಕ್ರಮ ಮಾತ್ರ ಅವರ ಜೊತೆಗೇ ಹೊರಟಿತ್ತು. ಹದಿನೈದರ ಪ್ರಾಯದಲ್ಲಿ ಕಟ್ಟಿದ ಎಳೆಗಳು ಕೆಲಸಕ್ಕೆ ಬಂದದ್ದು ಆಗ.

ಅವರು ಕಲಬುರಗಿ ತಲುಪಿದಾಗ ಬಹಮನಿ ಸುಲ್ತಾನ ಫಿರೋಝ್ ಶಾಹ್ ಆದರದಿಂದ ಬರಮಾಡಿಕೊಂಡ. ಅವನೂ ವಿದ್ಯಾವಂತ, ಗಣಿತ ಜ್ಯಾಮಿತಿಗಳನ್ನು ಸ್ವತಃ ಪಾಠ ಹೇಳುತ್ತಿದ್ದವನು. ಕೋಟೆಯ ಸಮೀಪದಲ್ಲೇ ಖಾನ್‌ಖಾಹ್ ನೆಲೆಗೊಂಡಿತು. ಎಂಬತ್ತು ದಾಟಿದ ಹಿರಿಯರು ಹದೀಸ್, ತಸವ್ವುಫ್ ಮುಂತಾದ ವಿಷಯಗಳನ್ನು ತಾವೇ ಕುಳಿತು ಕಲಿಸತೊಡಗಿದರು. ಮುರೀದರು ಪಾಲಿಸಬೇಕಾದ ಶಿಸ್ತಿನ ಕುರಿತು, ವುಝೂ, ನಮಾಝ್, ಊಟ, ನಿದ್ದೆಗಳ ರೀತಿಯ ಕುರಿತು ವಿವರವಾಗಿ ಬರೆದರು. ಖಾತಿಮಾ ಎಂದು ಹೆಸರಾದ ಆ ಕೃತಿಯನ್ನು ಓದಿದರೆ ಅವರು ಆಧ್ಯಾತ್ಮಿಕತೆಯನ್ನು ದಿನಚರಿಯಿಂದ ಎಂದೂ ಬೇರೆ ಮಾಡಲಿಲ್ಲವೆಂಬುದು ಗೊತ್ತಾಗುತ್ತದೆ.

ಪರೀಕ್ಷೆಗಳು ಇನ್ನೂ ಬಾಕಿಯಿದ್ದವು. ತಮ್ಮ ನಂತರ ಸ್ಥಾನ ವಹಿಸುವನೆಂದು ನಂಬಿದ್ದ ಹಿರಿಯ ಮಗ ಅಕ್ಬರ್ ಹುಸೈನಿ 1409ರ ಸುಮಾರಿಗೆ ತಂದೆಯ ಕಣ್ಣೆದುರೇ ತೀರಿಕೊಂಡರು. ಸುಲ್ತಾನನ ಸ್ನೇಹವೂ ಹಳಸಿತು. ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿ ಮಾಡಿ, ಅವನನ್ನು ಹರಸಬೇಕೆಂದು ಫಿರೋಝ್ ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಅರಸುತನ ತಮ್ಮನಾದ ಅಹ್ಮದನ ಪಾಲಿಗಿದೆಯೆಂದರು. ಖಾನ್‌ಖಾಹ್‌ಗೆ ಸೇರುವ ಜನಸಂದಣಿ ಕೋಟೆಗೆ ತೊಂದರೆಯೆಂಬ ನೆಪ ಬಂತು, ಜಾಗ ಬಿಡಬೇಕೆಂಬ ಸೂಚನೆ ಬಂತು. ಈ ಇಳಿವಯಸ್ಸಿನಲ್ಲಿ ಮತ್ತೊಮ್ಮೆ ಗಂಟು ಕಟ್ಟಬೇಕಾಯಿತು. ಇಂದು ದರ್ಗಾ ಇರುವುದು ಹಾಗೆ ಹೋಗಿ ನೆಲೆಸಿದ ಆ ಜಾಗದಲ್ಲೇ. ಅವರು ಬಂಡಾಯವೇಳಲಿಲ್ಲ, ಮಾತನ್ನೂ ಬದಲಿಸಲಿಲ್ಲ. ಪಾಠ ಅಲ್ಲಿ ಮುಂದುವರಿಯಿತು.

1422ರಲ್ಲಿ ಅಹ್ಮದ್ ಶಾಹ್ ಸಿಂಹಾಸನವೇರಿದ, ಫಿರೋಝ್ ತೀರಿಕೊಂಡ. ಅದೇ ವರ್ಷ ನವೆಂಬರ್ 1ರಂದು, ಹಿಜರಿ 825ರ ದುಲ್‌ಕಅದ್ 16ರಂದು, ಬಂದೇ ನವಾಝ್(ರ) ಅಲ್ಲಾಹನ ಸನ್ನಿಧಿಗೆ ತೆರಳಿದರು. ಹಿಜರಿ ಲೆಕ್ಕದಲ್ಲಿ ಅವರಿಗೆ ನೂರನಾಲ್ಕು ತುಂಬಿತ್ತು. ಕೆಲವೇ ವರ್ಷಗಳಲ್ಲಿ ಅಹ್ಮದ್ ಶಾಹ್ ರಾಜಧಾನಿಯನ್ನು ಬೀದರಿಗೆ ಒಯ್ದ. ಖ್ವಾಜಾರ ಮನೆತನ ಕಲಬುರಗಿಯಲ್ಲೇ ಉಳಿಯಿತು.